ಮೂರು ಊರು, ಒಂದು ಗಾಳಿಕೋವಿ

ರಾಯಚೂರು ಸೀಮೆ ಎಂದೊಡನೆ ನಮ್ಮ ನಗರವಾಸಿಗಳ ಕಣ್ಣಮುಂದೆ ಬಿಸಿಲೊಂದೇ ಬಂದು ನಿಲ್ಲುವುದು ವಾಡಿಕೆ. ನನ್ನ ಪಾಲಿಗೆ ಹಾಗಲ್ಲ. ಅದು ತಾಯಿಯ ತವರು. ಬೇಸಗೆಯ ರಜೆ ಬಂತೆಂದರೆ ಬೆಂಗಳೂರಿನಿಂದ ರಾತ್ರಿಯಿಡೀ ಪ್ರಯಾಣ ಮಾಡಿ, ಸಿಂಧನೂರಿನಲ್ಲಿಳಿದು, ದೊಡ್ಡ ಮಾವನ ಮನೆಯ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತಾಗ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಗೋಡೆಯ ಮೇಲೆ ಎರಡು ಮೊಳೆಗಳ ಆಧಾರದಲ್ಲಿ ಮಲಗಿದ್ದ ಒಂದು ಬಂದೂಕು. ಮನೆಯವರ ಮಾತಿನಲ್ಲಿ ಅದು ‘ಛರ್ರಾ ಬಂದೂಕ’. ಪುಸ್ತಕದ ಮಾತಿನಲ್ಲಿ ಗಾಳಿಕೋವಿ. ಅದು ಒಮ್ಮೆಯಾದರೂ ಹಾರಿದ್ದನ್ನು ನಾನು ಕಂಡವನಲ್ಲ. ಮುಟ್ಟಹೋದರೆ ಅತ್ತೆ ಗದರಿಸುತ್ತಿದ್ದಳು. ಗದರಿಕೆಯ ಕಾರಣವನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ.

ಕಾರಣ ತಿಳಿದದ್ದು ಬಹಳ ತಡವಾಗಿ. ಆ ಕೋವಿಯೊಳಗೆ ಏನೂ ಇರಲಿಲ್ಲ. ನಳಿಗೆಯೂ ಮರದ ಹಿಡಿಯೂ ಸಿಂಧನೂರಿನ ಗೋಡೆಯ ಮೇಲಿದ್ದವು. ಸ್ಪ್ರಿಂಗು, ಪಿಸ್ಟನ್ನು, ಕುದುರೆಯ ಸಾಮಾನು ಎಲ್ಲವೂ ಲಿಂಗಸುಗೂರಿನಲ್ಲಿ ಸಣ್ಣ ಮಾವನ ಮನೆಯಲ್ಲಿದ್ದವು. ಅಣ್ಣತಮ್ಮಂದಿರು ಹೊಲ ಹಂಚಿಕೊಂಡಿದ್ದರು, ಮನೆ ಹಂಚಿಕೊಂಡಿದ್ದರು, ಎತ್ತು ಹಂಚಿಕೊಂಡಿದ್ದರು. ಕೋವಿಯನ್ನೂ ಹಾಗೆಯೇ ಹಂಚಿಕೊಂಡಿದ್ದರು!

ಕಳೆದ ಮಾಘಮಾಸದಲ್ಲಿ ಸಿಂಧನೂರಿಗೆ ಹೋದಾಗ ದೊಡ್ಡ ಮಾವನಿಗೆ ಎಂಬತ್ತು ಸಮೀಪಿಸಿತ್ತು. ಒಂದು ಕಣ್ಣಿಗೆ ಪೊರೆ ಬಂದಿತ್ತು. ಊಟವಾದ ಮೇಲೆ ಗೋಡೆಯ ಕಡೆ ನೋಡುತ್ತ, ಯಾರಿಗೋ ಹೇಳುವವನಂತೆ ಅಂದ:

“ಅಳಿಯಾ, ಅದರ ಸಪ್ಪಳ ಒಮ್ಮೆ ಕೇಳಬೇಕಿತ್ತು ನೋಡು. ಕಣ್ಣು ಹ್ವಾದರ ಹೋಗಲಿ, ಕಿವಿ ಇನ್ನೂ ಅದಾವ.”

ಅಷ್ಟೇ ಮಾತು. ಮರುದಿನ ಬೆಳಿಗ್ಗೆ ನಾನು ಕೋವಿಯನ್ನು ಗೋಡೆಯಿಂದಿಳಿಸಿದೆ. ಅತ್ತೆ ಈ ಸಲ ಗದರಲಿಲ್ಲ.

ಹಿತ್ತಿಲಿನ ಬೇವಿನ ನೆರಳಿನಲ್ಲಿ ಗೋಣಿತಾಟು ಹಾಸಿ ಅದನ್ನಿಟ್ಟುಕೊಂಡು ಕುಳಿತಾಗ ಆ ಕೋವಿಯ ಚರಿತ್ರೆ ಸ್ವಲ್ಪಸ್ವಲ್ಪವಾಗಿ ಬಿಚ್ಚಿಕೊಂಡಿತು. ಉಕ್ಕಿನ ಕೊಳವೆಯ ಮೇಲಿನ ತುಕ್ಕನ್ನು ಸೀಮೆಎಣ್ಣೆಯ ಬಟ್ಟೆಯಿಂದ ಉಜ್ಜಿದಾಗ ಮೂಡಿದ್ದು ಒಬ್ಬ ದೇವಿಯ ಚಿತ್ರ. ಬಿಲ್ಲುಬಾಣಗಳನ್ನು ಕಾಲಬಳಿ ಬಿಸುಟು, ಗಾಳಿಕೋವಿಯೊಂದನ್ನು ತಲೆಯ ಮೇಲೆತ್ತಿ ಹಿಡಿದು ನಿಂತಿದ್ದಾಳೆ. ರೋಮನರ ಬೇಟೆದೇವತೆ ಡಯಾನಾ! ಜರ್ಮನಿಯ ರಾಸ್ಟಾಟ್ ಎಂಬ ಊರಿನಲ್ಲಿ 1890ರಲ್ಲಿ ಆರಂಭವಾದ ಮಾಯರ್ ಮತ್ತು ಗ್ರಾಮೆಲ್ಸ್‌ಪಾಹರ್ ಕಾರ್ಖಾನೆಯ ಮುದ್ರೆ ಅದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ಸೋತ ಮೇಲೆ ಆ ಕಾರ್ಖಾನೆಯ ಯಂತ್ರಗಳನ್ನೇ ಕಳಚಿ ಯುದ್ಧಪರಿಹಾರವೆಂದು ಸ್ಕಾಟ್ಲೆಂಡಿಗೆ ಸಾಗಿಸಿದರು. ಯಂತ್ರದೊಂದಿಗೆ ಹೆಸರೂ ಹೋಯಿತು. ಮಿಲ್ಬ್ರೋ ಎಂಬ ಕಂಪನಿ ಅಲ್ಲಿ ‘ಡಯಾನಾ’ ಎಂದೇ ಕೋವಿ ಮಾಡತೊಡಗಿತು. 1950ರಲ್ಲಿ ರಾಸ್ಟಾಟಿನವರು ಹೊಸದಾಗಿ ಕೆಲಸ ಹಿಡಿದಾಗ ಬ್ರಿಟನ್ನಿನಲ್ಲಿ ತಮ್ಮ ಸ್ವಂತ ಹೆಸರಿನಿಂದ ಮಾರುವ ಹಕ್ಕು ಅವರಿಗಿರಲಿಲ್ಲ. ‘ಒರಿಜಿನಲ್’ ಎಂಬ ಹೆಸರಿಟ್ಟು ಮಾರಿದರು. ಹೆಸರು ಮರಳಿ ಅವರ ಕೈಸೇರಿದ್ದು 1980ರ ದಶಕದಲ್ಲಿ. ಪಾಲಿನ ಜಗಳ ನಮ್ಮ ಮಾವಂದಿರ ಮನೆಯಲ್ಲಿ ಮಾತ್ರ ನಡೆದದ್ದಲ್ಲ ಎಂದು ನನಗೆ ಒಳಗೊಳಗೇ ನಗು ಬಂತು.

ದೇವಿಯ ಪಕ್ಕದಲ್ಲಿ 27 ಎಂಬ ಅಂಕೆ. ಅದು ಮಾದರಿಯ ಸಂಖ್ಯೆ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ತಯಾರಾದ ವರ್ಷ, 62. ಹಟ್ಟಿಯ ಚಿನ್ನದ ಗಣಿಯಲ್ಲಿದ್ದ ಅಧಿಕಾರಿಯೊಬ್ಬರು ಊರು ಬಿಡುವಾಗ ಮನೆಯ ಸಾಮಾನು ಮಾರಿದರಂತೆ. ಅಜ್ಜ ಒಂದು ಮೇಜು ಕೊಳ್ಳಲು ಹೋದವನು ಕೋವಿ ಹೊತ್ತು ಬಂದನಂತೆ. ಅದು 1968ರ ಮಾತು.

ಆಗಿನ್ನೂ ಮನೆಯ ಹೊಲಗಳಲ್ಲಿ ಅರ್ಧಕ್ಕರ್ಧ ಜೋಳವೇ. ತುಂಗಭದ್ರೆಗೆ ಅಣೆಕಟ್ಟು ಮುಗಿದದ್ದು 1953ರಲ್ಲಿ. ಎಡದಂಡೆಯ ಕಾಲುವೆಯ ನೀರು ಹರಿದಂತೆಲ್ಲ ಎರೆಹೊಲ ಗದ್ದೆಯಾಗುತ್ತ ಬಂತು. ಗದ್ದೆಯ ವಿದ್ಯೆ ಬಲ್ಲ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಅವರ ಹಿಂದೆ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೂ ಸರಕಾರ ಸಿಂಧನೂರಿನ ಸುತ್ತ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆ ಕೊಟ್ಟಿತು. ಇಂದು ಸಿಂಧನೂರಿನ ಪೇಟೆಯಲ್ಲಿ ನಿಂತರೆ ಕನ್ನಡ, ತೆಲುಗು, ಉರ್ದು, ಬಂಗಾಳಿ ನಾಲ್ಕೂ ಕಿವಿಗೆ ಬೀಳುತ್ತವೆ. ಕಣ್ಣಿಗೆ ಬೀಳುವುದು ಮಾತ್ರ ಅಕ್ಕಿಯ ಗಿರಣಿಗಳು. ಆದರೆ ಅಜ್ಜನ ಕಾಲಕ್ಕೆ ಹಿಂಗಾರಿಯ ಬಿಳಿಜೋಳ ತೆನೆಗಟ್ಟಿತೆಂದರೆ ಹೊಲದ ನಡುವೆ ಅಟ್ಟಣಿಗೆ ಹಾಕಿ, ಕವಣೆ ಬೀಸಿ ಹಕ್ಕಿ ಕಾಯುವುದೇ ಹುಡುಗರ ಕೆಲಸ. ಗಾಳಿಕೋವಿ ಬಂದಮೇಲೆ ಕವಣೆಗೆ ವಿರಾಮ. ಅಜ್ಜನ ಕಟ್ಟಪ್ಪಣೆ ಒಂದೇ: ಹಕ್ಕಿಗೆ ಹೊಡೆಯಕೂಡದು, ಅಟ್ಟಣಿಗೆಯ ಕೆಳಗಿಟ್ಟ ತಗಡಿಗೆ ಹೊಡೆದು ಸಪ್ಪಳ ಮಾಡಬೇಕು. 1972ರಲ್ಲಿ ವನ್ಯಜೀವಿ ಕಾಯಿದೆ ಬಂದು ಹಕ್ಕಿಗೆ ಗುರಿಯಿಡುವುದು ಅಪರಾಧವಾಗುವುದಕ್ಕೆ ಮೊದಲೇ ನಮ್ಮ ಅಜ್ಜ ಅದನ್ನು ಮನೆಯಲ್ಲಿ ಜಾರಿಗೆ ತಂದಿದ್ದ.

ಕೆಟ್ಟದ್ದು 1974ರಲ್ಲಿ. ಸಪ್ಪಳ ಬರಬರುತ್ತ ಮೆತ್ತಗಾಯಿತು. ಗುಂಡು ನಳಿಗೆ ದಾಟಿ ನಾಲ್ಕು ಮಾರು ಹೋಗುವಷ್ಟರಲ್ಲಿ ನೆಲಕ್ಕೆ ಬೀಳತೊಡಗಿತು. ಯಂತ್ರವೆಂದರೆ ಪ್ರಾಣವಾಗಿದ್ದ ಸಣ್ಣ ಮಾವ, ಅಣ್ಣ ಊರಲ್ಲಿಲ್ಲದ ದಿನ ನೋಡಿ, ಅದನ್ನು ಬಿಚ್ಚಿದ. ಒಳಗೆ ಸ್ಪ್ರಿಂಗು ಅದುಮಿಕೊಂಡು ಕುಳಿತಿರುತ್ತದೆಂಬುದು ಅವನಿಗೇನು ಗೊತ್ತು? ಹಿಂದಿನ ಮೊಳೆ ತೆಗೆದದ್ದೇ ತಡ, ಒಳಗಿನದೆಲ್ಲ ಸಿಡಿದು ಎದುರಿನ ಗೋಡೆಯ ಗಾರೆ ಕಿತ್ತಿತು. ಉಕ್ಕಿನ ಮೂರು ಸಣ್ಣ ಗುಂಡುಗಳು ಪಡಸಾಲೆಯ ತುಂಬ ಉರುಳಿದವು. ಎರಡು ಸಿಕ್ಕವು, ಒಂದು ಸಿಗಲಿಲ್ಲ. ಸಂಜೆ ಅಣ್ಣ ಬಂದ. “ಕೆಡಿಸಿಟ್ಟೆಲ್ಲೋ!” ಎಂದ ಅಣ್ಣನ ಮಾತಿಗೆ ತಮ್ಮನ ಉತ್ತರ ಏನಿತ್ತೋ, ಆಮೇಲೆ ಯಾವ ಯಾವ ಹಳೆಯ ಲೆಕ್ಕಗಳು ಮೇಲೆದ್ದವೋ, ನಾನು ಕೇಳಿಲ್ಲ, ಅವರು ಹೇಳಿಲ್ಲ. 1981ರಲ್ಲಿ ಪಾಲಾಯಿತು. ಹೋಗುವಾಗ ಸಣ್ಣ ಮಾವ ಕೋವಿಯ ಕರುಳನ್ನು ಒಂದು ಡಾಲ್ಡಾ ಡಬ್ಬಿಯಲ್ಲಿ ತುಂಬಿಕೊಂಡು ಹೋದ. ಅಂದಿನಿಂದ ಇಬ್ಬರಲ್ಲಿ ಮಾತಿಲ್ಲ.

ಇಲ್ಲಿ ಓದುಗರಿಗೆ ಈ ಯಂತ್ರದ ಕೆಲಸವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಇಲ್ಲವಾದರೆ ನನ್ನ ಅಲೆದಾಟದ ಅರ್ಥವಾಗದು. ಇದರಲ್ಲಿ ಮದ್ದಿಲ್ಲ, ಬೆಂಕಿಯಿಲ್ಲ. ನಳಿಗೆಯನ್ನು ನಡುವೆ ಮುರಿದಂತೆ ಕೆಳಕ್ಕೆ ಬಾಗಿಸಿದರೆ ಒಳಗಿನ ಪಿಸ್ಟನ್ನು ಹಿಂದಕ್ಕೆ ಸರಿದು ಸ್ಪ್ರಿಂಗನ್ನು ಅದುಮುತ್ತದೆ. ಆ ಮೂರು ಉಕ್ಕಿನ ಗುಂಡುಗಳು ಪಿಸ್ಟನ್ನಿನ ದಂಡಿನ ತೋಡಿನಲ್ಲಿ ಕುಳಿತು ಅದನ್ನು ತಡೆದು ಹಿಡಿಯುತ್ತವೆ. ಕುದುರೆ ಎಳೆದಾಗ ಗುಂಡುಗಳು ಪಕ್ಕಕ್ಕೆ ಸರಿಯುತ್ತವೆ. ಪಿಸ್ಟನ್ನು ಮುನ್ನುಗ್ಗಿ ಮುಂದಿನ ಗಾಳಿಯನ್ನು ಹಿಂಡುತ್ತದೆ. ಆ ಗಾಳಿ ಸಣ್ಣ ರಂಧ್ರದಿಂದ ಹಾಯ್ದು ಸೀಸದ ಛರ್ರೆಯನ್ನು ತಳ್ಳುತ್ತದೆ. ಇಷ್ಟಕ್ಕೂ ಜೀವ ಪಿಸ್ಟನ್ನಿನ ತುದಿಯ ಒಂದು ಚರ್ಮದ ಬಟ್ಟಲು. ನಮ್ಮ ಅಡಿಗೆಮನೆಗಳಲ್ಲಿ ಹಿಂದೆ ಇದ್ದ ಗಾಳಿಹಾಕುವ ಸ್ಟೌವಿನ ಪಂಪಿನಲ್ಲಿ ಇರುತ್ತಿತ್ತಲ್ಲ, ಅಂಥದೇ ವಾಶರು, ತುಸು ದೊಡ್ಡದು. ಚರ್ಮ ಒಣಗಿದರೆ ಸ್ಟೌ ಹೇಗೆ ಉಸಿರು ಬಿಡುತ್ತಿತ್ತೋ ಕೋವಿಯೂ ಹಾಗೆಯೇ. 1974ರಲ್ಲಿ ಅದಕ್ಕೆ ಬೇಕಾಗಿದ್ದುದು ಬಹುಶಃ ನಾಲ್ಕು ಹನಿ ಎಣ್ಣೆ.

ಹಾಗೆ ನಾನು ಲಿಂಗಸುಗೂರಿನ ಬಸ್ಸು ಹತ್ತಿದೆ. ದೊಡ್ಡ ಮಾವ ಬೇಡವೆನ್ನಲಿಲ್ಲ, ಹೋಗೆಂದೂ ಅನ್ನಲಿಲ್ಲ. ಬಾಗಿಲವರೆಗೆ ಬಂದು, “ಅಂವಗ ನಾ ಕಳಿಸೀನಿ ಅನಬ್ಯಾಡ” ಎಂದಷ್ಟೇ ಹೇಳಿದ.

ಸಿಂಧನೂರು ದಾಟಿ ಹತ್ತಾರು ಮೈಲಿ ಹೋಗುವಷ್ಟರಲ್ಲಿ ನಾಡು ಬೇರೆಯಾಗುತ್ತದೆ. ಹಸಿರು ಗದ್ದೆಯ ಹಾಸು ಹಿಂದಾಗಿ ಎರೆಯ ಬಯಲು, ತೊಗರಿ, ಜೋಳ, ನಡುನಡುವೆ ಯಾರೋ ಗುಡ್ಡೆಹಾಕಿ ಮರೆತುಹೋದಂತಿರುವ ಕಲ್ಲುಬಂಡೆಗಳ ಗುಡ್ಡಗಳು. ಮೂವತ್ತು ಕಿಲೋಮೀಟರಿಗೆ ಮಸ್ಕಿ. ಅಲ್ಲಿಂದ ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ ಲಿಂಗಸುಗೂರು. ಲಿಂಗಸುಗೂರಿಗೆ ಒಂದು ಕಾಲದಲ್ಲಿ ಬೇರೆಯದೇ ಠೀವಿ ಇತ್ತು. ಹೈದರಾಬಾದ್ ಕಂಟಿಂಜೆಂಟ್ ಎಂಬ ಸೇನೆಯ ತುಕಡಿ ಬೀಡುಬಿಟ್ಟಿದ್ದ ಛಾವಣಿ ಅದು. ನಿಜಾಮನ ರಾಜ್ಯದಲ್ಲಿ ಜಿಲ್ಲೆಯ ಕೇಂದ್ರವೂ ಆಗಿತ್ತು. 1905ರಲ್ಲಿ ಆ ಜಿಲ್ಲೆಯನ್ನು ಒಡೆದು ಹಂಚಿದರು. ಛಾವಣಿ ಬೆಳೆದು ಪೇಟೆಯಾಯಿತು. ಮೂಲದ ಊರು ‘ಕಸಬಾ ಲಿಂಗಸುಗೂರು’ ಎಂಬ ಹೆಸರು ಹೊತ್ತು ಪಕ್ಕಕ್ಕೆ ಸರಿದು ನಿಂತಿದೆ.

ಸಣ್ಣ ಮಾವ ನನ್ನನ್ನು ಕಂಡು ಹಿಗ್ಗಿದ. ಒಗ್ಗರಣಿ-ಮಿರ್ಚಿ ತರಿಸಿದ, ಚಹಾ ಆಯಿತು, ನನ್ನ ತಾಯಿಯ ಮೊಣಕಾಲು ನೋವಿನ ವಿಚಾರ ಆಯಿತು. ಕೋವಿಯ ಮಾತೆತ್ತಿದಾಗ ಸುಮ್ಮನಾದ.

“ಅಣ್ಣ ಕಳಿಸ್ಯಾನೇನು?”

“ಇಲ್ಲ ಮಾವ, ನಾನೇ ಬಂದೆ.”

“ಸುಳ್ಳು ಹೇಳಾಕ ನಿಮ್ಮವ್ವನಂಗನ ಬರೂದಿಲ್ಲ ನಿನಗ.” ಎದ್ದು ಒಳಗೆ ಹೋದ.

ತಂದದ್ದು ಆ ಡಾಲ್ಡಾ ಡಬ್ಬಿಯನ್ನೇ. ಮುಚ್ಚಳಕ್ಕೆ ಕುಂಕುಮ, ವಿಭೂತಿ ಒಣಗಿ ಪದರಪದರವಾಗಿ ಅಂಟಿತ್ತು. ಒಳಗೆ ಎಣ್ಣೆಬಟ್ಟೆಯಲ್ಲಿ ಸುತ್ತಿದ ಸ್ಪ್ರಿಂಗು ನಿನ್ನೆ ತೆಗೆದಿಟ್ಟಂತೆ ಹೊಳೆಯುತ್ತಿತ್ತು. ಪ್ರತಿ ಮಹಾನವಮಿಗೆ, ಖಂಡೇಪೂಜೆಯ ದಿನ, ಬಿಚ್ಚಿ ಒರೆಸಿ ಗ್ರೀಸು ಸವರಿ ಹೂವೇರಿಸುತ್ತಾನಂತೆ. ನಾನು ತಡೆಯಲಾರದೆ ಹೇಳಿಬಿಟ್ಟೆ: ಸಿಂಧನೂರಿನಲ್ಲಿಯೂ ಅದೇ ದಿನ ಆ ಖಾಲಿ ಕೊಳವೆಗೆ ಹೂವೇರಿಸುತ್ತಾರೆಂದು. ಸಣ್ಣ ಮಾವ ಡಬ್ಬಿಯ ಮುಚ್ಚಳವನ್ನು ತಿರುವುತ್ತ ಬಹಳ ಹೊತ್ತು ಕುಳಿತ. “ನಾ ಅಲ್ಲಿಗೆ ಬರಾಂಗಿಲ್ಲ. ಡಬ್ಬಿ ಒಯ್ಯಿ. ಜ್ವಾಪಾನ” ಎಂದ.

ಸ್ಪ್ರಿಂಗು ಸರಿಯಿದೆಯೇ ಎಂದು ನೋಡಲು ಅದನ್ನು ಗಾಜಿನ ಮೇಲೆ ಉರುಳಿಸಬೇಕು. ಸೊಟ್ಟಗಾಗಿದ್ದರೆ ಕುಂಟುತ್ತ ಉರುಳುತ್ತದೆ. ಟೀವಿಯ ಮೇಜಿನ ಗಾಜಿನ ಮೇಲೆ ಉರುಳಿಸಿದೆವು; ಅದು ನೇರವಾಗಿ ಉರುಳಿ ಮೊಮ್ಮಗಳ ಮಡಿಲಿಗೆ ಬಿತ್ತು. ಕಳೆದ ಗುಂಡಿನ ಪ್ರಶ್ನೆ ಉಳಿಯಿತು. ಹಟ್ಟಿ ಅಲ್ಲಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಎರಡು ಸಾವಿರ ವರ್ಷದ ಹಿಂದೆಯೇ ಆರುನೂರು ಅಡಿಗೂ ಆಳಕ್ಕೆ ಇಳಿದು ಚಿನ್ನ ಅಗೆದ ಕುರುಹು ಅಲ್ಲಿ ಸಿಕ್ಕಿದೆ. ಕಳೆದ ಶತಮಾನದ ಮೊದಲಲ್ಲಿ ಕೆಲಸ ನಡೆದು, 1920ರಲ್ಲಿ ನಿಂತು, 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಸ್ಥಾಪನೆಯಾದ ಮೇಲೆ ಮತ್ತೆ ಮೊದಲಾಯಿತು. ಈ ಗಣಿಯ ದೆಸೆಯಿಂದ ಈ ಕಡೆ ಲೇತಿನ ಕೆಲಸ ಬಲ್ಲವರಿಗೆ ಕೊರತೆಯಿಲ್ಲ. ಸಣ್ಣ ಮಾವನಿಗೆ ಗುರುತಿದ್ದ ಕುಶಲಿಯೊಬ್ಬ ಉಳಿದೆರಡು ಗುಂಡುಗಳನ್ನು ಅಳೆದು, “ಒಂದ ಹೊಸಾದು ಹಾಕಿದ್ರ ಭಾರ ಎಲ್ಲಾ ಅದರ ಮ್ಯಾಲೆ ಬೀಳತೈತ್ರಿ. ಮೂರೂ ಬದಲ ಮಾಡ್ರಿ” ಎಂದು ಬೇರಿಂಗಿನ ಡಬ್ಬದಿಂದ ಮೂರು ಒಂದೇ ಅಳತೆಯವನ್ನು ಆರಿಸಿ ಕೊಟ್ಟ. ದುಡ್ಡು ಕೊಡಹೋದರೆ, “ಬಂದೂಕ ಹಾರಿದ ಮ್ಯಾಲೆ ಕೊಡ್ರಿ” ಎಂದ.

ಬಟ್ಟಲು ಮಾಡಿಸಲು ಮರುದಿನ ಮಸ್ಕಿಯಲ್ಲಿಳಿದೆ. ಬಸ್ ನಿಲ್ದಾಣದ ಸಮೀಪ ಕುಳಿತಿದ್ದ ಒಬ್ಬ ವೃದ್ಧ ಸಮಗಾರರು ಹಿಂದೆ ಊರೂರಿನ ಕೈಪಂಪುಗಳಿಗೆ ಚರ್ಮದ ವಾಶರು ಮಾಡಿಕೊಟ್ಟವರೆಂದು ಸಣ್ಣ ಮಾವ ಹೇಳಿದ್ದ. ಅವರು ಪಿಸ್ಟನ್ನನ್ನು ಕೈಯಲ್ಲಿ ಹಿಡಿದು, ಹಳೆಯ ವಾಶರಿನ ಕರಿದ ಚೂರನ್ನು ಮೂಸಿ ನೋಡಿದರು! “ಇದು ಬೋರಿನದಲ್ಲ. ಯಾವುದ್ರೀ?” ಹೇಳಿದೆ. ನಕ್ಕರು. ಅವರ ಕೆಲಸವನ್ನು ನೋಡುವುದೇ ಒಂದು ಪಾಠ. ದಪ್ಪ ಚರ್ಮದ ತುಂಡೊಂದನ್ನು ಗುಂಡಗೆ ಕತ್ತರಿಸಿ ನೀರಿನಲ್ಲಿ ನೆನೆಹಾಕಿದರು. ಅದು ಮೆತ್ತಗಾಗುವತನಕ ಇನ್ನೊಬ್ಬರ ಚಪ್ಪಲಿಗೆ ಉಂಗುಷ್ಟ ಹೊಲಿದರು. ಆಮೇಲೆ ಕಬ್ಬಿಣದ ಬಳೆಯೊಂದರ ಮೇಲೆ ಚರ್ಮವನ್ನಿಟ್ಟು, ಮರದ ಗೂಟದಿಂದ ಒತ್ತಿ ಒತ್ತಿ ಒಳಗಿಳಿಸಿದರು. ಚರ್ಮ ಬಟ್ಟಲಿನಂತೆ ಬಾಗಿ ಕುಳಿತಿತು. “ಬಿಸಲಾಗ ಇಡಬಾರದ್ರೀ, ನೆರಳಾಗ ಆರಬೇಕು. ಅವಸರ ಮಾಡಿದ್ರ ಸೀಳತೈತಿ. ನಾಡದು ಬರ್ರಿ.”

ನಾಡದ್ದು! ಬಸ್ಸಿಗೆ ಇನ್ನೂ ಹೊತ್ತಿತ್ತು. ಮಸ್ಕಿಗೆ ಬಂದು ಬೆಟ್ಟ ನೋಡದೆ ಹೋಗುವುದುಂಟೇ? ಬೆಟ್ಟದ ಮೇಲೆ ಮಲ್ಲಿಕಾರ್ಜುನನ ಗುಡಿ. ಇನ್ನೊಂದು ಮಗ್ಗುಲಲ್ಲಿ ಅಶೋಕನ ಶಾಸನ. 1915ರಲ್ಲಿ ಬೀಡನ್ ಎಂಬ ಗಣಿಯ ಇಂಜಿನಿಯರು ಚಿನ್ನ ಹುಡುಕುತ್ತ ಬಂದು ಈ ಬರಹವನ್ನು ಕಂಡ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲೆಲ್ಲ ‘ದೇವರಿಗೆ ಪ್ರಿಯನಾದವನು’, ‘ಪ್ರಿಯದರ್ಶಿ’ ಎಂಬ ಬಿರುದುಗಳಿದ್ದವು; ಆ ಬಿರುದಿನ ರಾಜ ಅಶೋಕನೇ ಎಂಬುದಕ್ಕೆ ಕಲ್ಲಿನ ಸಾಕ್ಷ್ಯ ಮೊದಲು ದೊರೆತದ್ದು ಮಸ್ಕಿಯಲ್ಲಿ. ಆಮೇಲೆ ಬೇರೆಡೆಯೂ, ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು ಉಡೇಗೋಳಗಳಲ್ಲಿಯೂ ಆ ಹೆಸರು ಸಿಕ್ಕಿದೆ. ಆದರೂ ಮೊದಲಿನ ಗೌರವ ಮಸ್ಕಿಯದೇ. ಈಗ ತಾಲ್ಲೂಕಿನ ಕೇಂದ್ರವಾಗಿರುವ ಈ ಊರು ಹಿರಿಮೆಯಲ್ಲಿ ಎಷ್ಟೋ ರಾಜಧಾನಿಗಳನ್ನು ಹಿಂದೆ ಹಾಕೀತು.

ಹೆಗಲ ಚೀಲದಲ್ಲಿ ಕೋವಿಯ ಕರುಳನ್ನಿಟ್ಟುಕೊಂಡು ಆ ಬಂಡೆಯ ಮುಂದೆ ನಿಲ್ಲಲು ನನಗೆ ಸ್ವಲ್ಪ ಸಂಕೋಚವಾದದ್ದು ನಿಜ. ಪ್ರಾಣಿಗಳನ್ನು ಕೊಲ್ಲಬೇಡಿರೆಂಬ ಮಾತು ಅವನ ಬೇರೆ ಶಾಸನಗಳಲ್ಲಿದೆ, ಇದರಲ್ಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಇದರಲ್ಲಿರುವುದು ಬೇರೆ: ಧರ್ಮದಲ್ಲಿ ನಡೆದರೆ ಚಿಕ್ಕವನೂ ಮೇಲಕ್ಕೇರಬಲ್ಲ, ಅದು ದೊಡ್ಡವರಿಗೆ ಮಾತ್ರ ಮೀಸಲೆಂದು ತಿಳಿಯಬೇಡಿ, ಚಿಕ್ಕವರಿಗೂ ದೊಡ್ಡವರಿಗೂ ಇದನ್ನು ಹೇಳಿರಿ ಎಂಬ ಅಭಿಪ್ರಾಯದ ಮಾತು. ಅತ್ತ ಸಿಂಧನೂರಿನಲ್ಲಿ ದೊಡ್ಡವನು, ಇತ್ತ ಲಿಂಗಸುಗೂರಿನಲ್ಲಿ ಚಿಕ್ಕವನು. ನಡುವೆ ಮಸ್ಕಿಯಲ್ಲಿ ನಾನು. ಹೇಳುವ ಕೆಲಸ ಚಕ್ರವರ್ತಿಗೇ ಸುಲಭವಾಗಿರಲಿಲ್ಲವೆಂದಾದರೆ ನನ್ನ ಪಾಡೇನು!

ಎರಡು ದಿನ ಸಿಂಧನೂರಿನಲ್ಲಿ ಮರದ ಕೆಲಸ ಹಿಡಿದೆ. ಹಿಡಿಯ ಮರ ಬೀಚ್, ನಮ್ಮಲ್ಲಿ ಬೆಳೆಯುವುದಲ್ಲ. ಹೊಸದರಂತೆ ಮಾಡುವ ಆಸೆಯನ್ನು ಮೊದಲೇ ಬಿಟ್ಟಿದ್ದೆ. ಪಾಲಿಶು ಹೊಡೆದು ಮಿನುಗಿಸಿದ ಹಳೆಯ ಸಾಮಾನು ನನಗೆ ಸೇರದು. ತಲೆಗೂದಲಿಗೆ ಕಪ್ಪು ಬಳಿದುಕೊಂಡ ಅಜ್ಜನನ್ನು ಕಂಡಂತಾಗುತ್ತದೆ. ಕೆನ್ನೆ ತಾಗುವೆಡೆ ಅಜ್ಜನ ಬೆವರಿಗೆ ಕಪ್ಪಾದ ಗುರುತನ್ನು ಹಾಗೆಯೇ ಬಿಟ್ಟು, ಉಳಿದ ಕೊಳೆ ತೆಗೆದು, ಕುದಿಸಿದ ಅಗಸೆ ಎಣ್ಣೆಯನ್ನು ಅಂಗೈಯಿಂದ ತಿಕ್ಕಿದೆ. ಒಂದು ಲೇಪ, ಒಂದು ಹಗಲು, ಮತ್ತೊಂದು ಲೇಪ. ಉಕ್ಕಿನ ನೀಲಿಬಣ್ಣ ಅಲ್ಲಲ್ಲಿ ಹೋಗಿತ್ತು, ಅದಕ್ಕೂ ಕೈಹಚ್ಚಲಿಲ್ಲ. ದೊಡ್ಡ ಮಾವ ಪಕ್ಕದ ಹೊರಸಿನ ಮೇಲೆ ಕುಳಿತು, ಕೆಲಸಕ್ಕಿಂತ ಹೆಚ್ಚಾಗಿ ನನ್ನ ಲಿಂಗಸುಗೂರಿನ ಪ್ರಯಾಣದ ಬಗ್ಗೆ ಕೇಳಿದ. ಮಳಿಗೆ ಹೇಗಿದೆ, ಮನೆಯ ಮುಂದಿನ ಬೇವಿನ ಗಿಡ ಇದೆಯೋ ಕಡಿದರೋ, ಹಲ್ಲು ಕಟ್ಟಿಸಿಕೊಂಡಿದ್ದಾನೋ ಇಲ್ಲವೋ. ಹೆಸರನ್ನು ಮಾತ್ರ ಎತ್ತಲಿಲ್ಲ.

ಹೇಳಿದ ದಿನ ಮಸ್ಕಿಗೆ ಹೋಗಿ ಬಟ್ಟಲನ್ನು ತಂದೆ. ರಾತ್ರಿಯಿಡೀ ಉಗುರುಬೆಚ್ಚನೆಯ ಎಣ್ಣೆಯಲ್ಲಿ ನೆನೆಸಿಟ್ಟು, ಬೆಳಿಗ್ಗೆ ಪಿಸ್ಟನ್ನಿಗೆ ಬಿಗಿದು, ಕೊಳವೆಯೊಳಗೆ ಸರಿಸಿದಾಗ ಅದು ಉಸಿರು ಹಿಡಿದಂತೆ ಮೆಲ್ಲಗೆ ಇಳಿಯಿತು. ಇನ್ನುಳಿದದ್ದು ಕಠಿಣವಾದ ಕೆಲಸ: ಸ್ಪ್ರಿಂಗನ್ನು ಅದುಮಿ, ಹಿಂದಿನ ಗಟ್ಟಿಯನ್ನು ಕೂಡಿಸಿ, ಎರಡು ಅಡ್ಡಮೊಳೆಗಳನ್ನು ಹೊಡೆಯುವುದು. ಬಡಗಿಯಿಂದ ಉದ್ದನೆಯ ಕ್ಲಾಂಪು ತಂದಿದ್ದೆ. ಅದಿಲ್ಲದೆ ಈ ಕೆಲಸಕ್ಕೆ ಯಾರೂ ಕೈಹಾಕಬಾರದು. ಪಡಸಾಲೆಯ ಗೋಡೆಯ ಗಾಯ ಇನ್ನೂ ಹಾಗೆಯೇ ಇದೆ. ಕ್ಲಾಂಪು ಬಿಗಿದರೂ ಮೊಳೆಯ ತೂತು ತೂತಿಗೆ ಕೂಡಲೊಲ್ಲದು. ಮೂರು ಸಲ ಪ್ರಯತ್ನಿಸಿ ಸೋತು, ಕೊನೆಗೆ ಮೊಬೈಲಿನಲ್ಲಿ ಸಣ್ಣ ಮಾವನನ್ನು ಕರೆದೆ. ಎರಡೂ ಕೈ ಗ್ರೀಸಾಗಿದ್ದುದರಿಂದ ಅದನ್ನು ಎಲ್ಲರಿಗೂ ಕೇಳುವಂತೆ ಹೊರಸಿನ ಮೇಲಿಟ್ಟೆ. ಕ್ಲಾಂಪಿನ ಹಿಡಿಕೆ ದೊಡ್ಡ ಮಾವನ ಕೈಯಲ್ಲಿತ್ತು.

“ಕ್ಲಾಂಪ್ ಯಾರ ಹಿಡದಾರ?” ಸಣ್ಣ ಮಾವನ ಧ್ವನಿ.

“ದೊಡ್ಡ ಮಾವ.”

ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. “ಅರ್ಧ ಸುತ್ತು ಸಡಲ ಬಿಡು ಅನ್ನು. ಹಿಂದಿನ ಗಟ್ಟಿ ತುಸು ಎಡಕ್ಕ ತಿರುವಬೇಕು.”

“ಬಿಟ್ಟೀನಿ ಅನ್ನು” ಎಂದ ದೊಡ್ಡ ಮಾವ, ನನ್ನ ಕಡೆ ನೋಡುತ್ತ.

“ಈಗ ಬಿಗಿ ಅನ್ನು. ಸಾವಕಾಶ. ಅವಸರ ಮಾಡಬ್ಯಾಡ ಅನ್ನು.”

“ಅವಸರ ನಂದಲ್ಲ, ಅವನದು ಅನ್ನು.”

ಇಬ್ಬರಿಗೂ ಇಬ್ಬರ ಮಾತೂ ಸ್ಪಷ್ಟವಾಗಿ ಕೇಳುತ್ತಿತ್ತು. ನಾನು ಅದನ್ನು ಅತ್ತಿಂದಿತ್ತ ದಾಟಿಸುವ ಅಗತ್ಯವೇ ಇರಲಿಲ್ಲ, ಆದರೂ ದಾಟಿಸಿದೆ. ಮೊದಲ ಮೊಳೆ ‘ಟಕ್’ ಎಂದು ಕೂತಿತು. ಎರಡನೆಯದು ತಾನಾಗಿಯೇ ಜಾರಿತು. ಅತ್ತೆ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೇಳಿದರೆ ಸೀಮೆಎಣ್ಣೆಯ ಘಾಟು ಎಂದಳು.

ಕಾಯಿದೆಯ ಮಾತನ್ನೂ ಹೇಳಿಬಿಡಬೇಕು. 0.177 ಅಂಗುಲ ಬಾಯಿಯ, 20 ಜೂಲ್ ಬಲ ಮೀರದ ಗಾಳಿಕೋವಿಗೆ ನಮ್ಮಲ್ಲಿ ಪರವಾನಗಿ ಬೇಡ. ನಮ್ಮದು ಅದಕ್ಕಿಂತ ಬಹಳ ಕೆಳಗೆ. ಆದರೂ ಕಣ್ಣು ಕಳೆಯಲು ಅಷ್ಟೇ ಸಾಕು. ಹಿತ್ತಿಲಿನ ಗೋಡೆಗೆ ಮರಳು ತುಂಬಿದ ಎರಡು ಗೋಣಿಚೀಲಗಳನ್ನು ನಿಲ್ಲಿಸಿ, ಮಕ್ಕಳನ್ನೆಲ್ಲ ಒಳಗೆ ಕೂಡಿ, ಚೀಲಗಳ ಮುಂದೆ ಅಜ್ಜನ ಕಾಲದ್ದೇ ಒಂದು ತಗಡನ್ನು ತೂಗುಹಾಕಿದೆ. ಛರ್ರೆಯಿಲ್ಲದೆ ಬರಿದೇ ಹಾರಿಸಬಾರದು; ತಡೆಯುವ ಗಾಳಿಯಿಲ್ಲದೆ ಪಿಸ್ಟನ್ನು ಉಕ್ಕಿಗೆ ಉಕ್ಕು ಬಡಿಯುತ್ತದೆ. ಸಿಂಧನೂರಿನ ಪೇಟೆಯಲ್ಲಿ ಕೊಂಡ ಹೊಸ ಛರ್ರೆಯೊಂದನ್ನು ಹೆಬ್ಬೆರಳಿನಿಂದ ಒತ್ತಿ ಕೂಡಿಸಿ ನಳಿಗೆ ಮುಚ್ಚಿದೆ. ದೊಡ್ಡ ಮಾವನಿಗೆ ಕೊಟ್ಟೆ. ಅವನು ಒಳ್ಳೆಯ ಕಣ್ಣಿನ ಕಡೆಗೆ ಹೆಗಲು ಬದಲಿಸಿ, ಬಹಳ ಹೊತ್ತು ಗುರಿ ಹಿಡಿದ.

ಸಪ್ಪಳ ಬಂತು. ಸಿಡಿಮದ್ದಿನ ಸಪ್ಪಳವಲ್ಲ, ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದಂತೆ ಒಂದು ಪೆಟ್ಟು, ಅದರ ಬೆನ್ನಿಗೆ ತಗಡಿನ ಖಣಲು. ನಳಿಗೆಯ ತುದಿಯಿಂದ ನೀಲಿ ಹೊಗೆ ಎದ್ದಿತು. ಹೆಚ್ಚಾದ ಎಣ್ಣೆ ಒಳಗೆ ಸುಟ್ಟದ್ದು, ನಾಲ್ಕಾರು ಹೊಡೆತಕ್ಕೆ ಸರಿಹೋಗುತ್ತದೆ. ಬೇವಿನ ಮೇಲಿನ ಗುಬ್ಬಿಗಳೆಲ್ಲ ಒಮ್ಮೆಲೆ ಎದ್ದು ಒಂದು ಸುತ್ತು ಹಾರಿ ಮತ್ತೆ ಅಲ್ಲೇ ಕುಳಿತವು.

ಹೊರಸಿನ ಮೇಲಿದ್ದ ಮೊಬೈಲನ್ನು ನಾನು ಮರೆತೇಬಿಟ್ಟಿದ್ದೆ. ಅದರಿಂದ ಸಣ್ಣ ಮಾವ ಮಾತಾಡಿದ.

“ತಗಡಿಗೆ ಬಿತ್ತೇನು?”

ದೊಡ್ಡ ಮಾವ ನನ್ನ ಕಡೆ ನೋಡಲಿಲ್ಲ. ಬಗ್ಗಿ, ಮೊಬೈಲಿನ ಹತ್ತಿರ ಬಾಯಿ ಒಯ್ದು, ದೂರದ ಹೊಲದಲ್ಲಿರುವವನನ್ನು ಕೂಗುವಂತೆ ಗಟ್ಟಿಯಾಗಿ ಹೇಳಿದ:

“ಬಿತ್ತೋ. ಕೇಳಿಸಲಿಲ್ಲೇನು?”

“ಸರಿಯಾಗಿ ಕೇಳಲಿಲ್ಲ. ಇನ್ನೊಮ್ಮೆ ಹೊಡಿ.”

ನಾನು ಡಬ್ಬಿಯಿಂದ ಇನ್ನೊಂದು ಛರ್ರೆ ಆರಿಸಿಕೊಟ್ಟೆ.